ಒಂದು ಎ4 ಹಾಳೆ, 48 ಗಂಟು: ಮಿಯುರಾ ಮಡಿಕೆಯನ್ನು ಮನೆಯಲ್ಲೇ ಮಡಚಿ, ಅಳೆದು, ಭಾರ ಹೊರಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಸೀರೆಯ ನೆರಿಗೆಯನ್ನು ಪಕ್ಕಕ್ಕೆ ಎಳೆದರೆ ಅಗಲ ಹೆಚ್ಚುತ್ತದೆ, ಉದ್ದ ಇದ್ದಷ್ಟೇ ಇರುತ್ತದೆ. ರಬ್ಬರ್ ಬ್ಯಾಂಡ್ ಎಳೆದರೆ ಉದ್ದವಾದಷ್ಟೂ ಸಣ್ಣಗಾಗುತ್ತದೆ. ಇಲ್ಲಿ ನಾವು ಮಡಚಲಿರುವ ಹಾಳೆಯ ನಡವಳಿಕೆ ಬೇರೆಯೇ. ಉದ್ದಕ್ಕೆ ಎಳೆದರೆ ಅಗಲವೂ ಹಿಗ್ಗುತ್ತದೆ, ಅಗಲದಿಂದ ಅದುಮಿದರೆ ಉದ್ದವೂ ಕುಗ್ಗುತ್ತದೆ. ಒಂದು ಮೂಲೆ ಹಿಡಿದು ಎಳೆದರೆ ಸಾಕು, ಇಡೀ ಹಾಳೆ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ.

ಇದನ್ನು ರೂಪಿಸಿದವರು ಜಪಾನಿನ ಬಾಹ್ಯಾಕಾಶ ವಿಜ್ಞಾನಿ ಕೊರ್ಯೊ ಮಿಯುರಾ, 1970ರ ಹೊತ್ತಿಗೆ. ದೊಡ್ಡ ಸೌರ ಫಲಕವನ್ನು ರಾಕೆಟ್ಟಿನ ಮೂತಿಯೊಳಗೆ ಹಿಡಿಸುವುದು ಹೇಗೆ ಎಂಬ ಪ್ರಶ್ನೆಗೆ ಅದು ಒಂದು ಉತ್ತರ. 1995ರಲ್ಲಿ ಜಪಾನ್ ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್ ಎಂಬ ನೌಕೆಯಲ್ಲಿ ಈ ಮಡಿಕೆಯ ಫಲಕವನ್ನು ಕಕ್ಷೆಯಲ್ಲೇ ಬಿಚ್ಚಿ ನೋಡಿದರು. ನಮ್ಮ ಬೆಂಗಳೂರಿನಲ್ಲಿ ಜೋಡಣೆಯಾಗುವ ಉಪಗ್ರಹಗಳ ಫಲಕಗಳೂ ಮಡಚಿಕೊಂಡೇ ಮೇಲೆ ಹೋಗುತ್ತವೆ. ಆದರೆ ಅವು ಸಾಮಾನ್ಯವಾಗಿ ಬಾಗಿಲಿನ ಕೀಲಿನ ಹಾಗೆ ಒಂದರ ಮೇಲೊಂದು ಮಡಚಿಕೊಳ್ಳುವಂಥವು. ಮಿಯುರಾ ಮಡಿಕೆ ಎರಡೂ ದಿಕ್ಕಿಗೆ ಏಕಕಾಲಕ್ಕೆ ಮಡಚಿಕೊಳ್ಳುತ್ತದೆ.

ನಾನು ಪೀಣ್ಯದಲ್ಲಿ ತಗಡು ಬಗ್ಗಿಸುವ ಕೆಲಸದ ಡಿಸೈನ್ ಮಾಡುವವನು. ದಿನವಿಡೀ ನೋಡುವುದು ಒಂದು ತಗಡು ಎಷ್ಟು ದಪ್ಪ, ಯಾವ ಉಕ್ಕು, ಎಷ್ಟು ಬಗ್ಗಿದರೆ ಬಿರುಕು ಬಿಡುತ್ತದೆ ಎಂಬುದನ್ನೇ. ಹಾಗಾಗಿ ಒಂದು ವಸ್ತುವಿನ ನಡವಳಿಕೆಯಲ್ಲಿ ಎಷ್ಟು ಪಾಲು ಅದರ ಆಕಾರದ್ದು, ಎಷ್ಟು ಪಾಲು ವಸ್ತುವಿನದ್ದೇ ಎಂದು ಬಿಡಿಸಿ ನೋಡುವ ಆಸೆ ನನಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ನನಗೆ ಸಿಕ್ಕಿಲ್ಲ. ಭಾನುವಾರದ ಎರಡು ಮೂರು ಗಂಟೆ ಸಾಕು.

ಏನೇನು ಬೇಕು

80 ಜಿಎಸ್ಎಂನ (ಒಂದು ಚದರ ಮೀಟರ್ ಹಾಳೆ ತೂಗುವ ಗ್ರಾಂ) ಜೆರಾಕ್ಸ್ ಹಾಳೆ ಕಲಿಯುವುದಕ್ಕೆ, 120 ಜಿಎಸ್ಎಂ ಹಾಳೆ ಅಳೆಯುವುದಕ್ಕೆ. ತೀರ ದಪ್ಪದ ಐವರಿ ಕಾರ್ಡ್ ಬೇಡ, ಮಡಿಕೆಗಳು ಕೂಡುವ ಗಂಟುಗಳಲ್ಲಿ ಹರಿಯುತ್ತದೆ. ಬಡಾವಣೆಯ ಸ್ಟೇಷನರಿ ಅಂಗಡಿಯಲ್ಲಿ 120 ಸಿಗದಿದ್ದರೆ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಸುಲ್ತಾನ್‌ಪೇಟೆ ಕಡೆ ನಡೆಯಿರಿ. ಮದುವೆ ಕಾರ್ಡಿನ ಅಂಗಡಿಗಳ ನಡುವೆ ಬರೀ ಕಾಗದ ಮಾರುವವರೂ ಇದ್ದಾರೆ, ಕೈಯಲ್ಲಿ ಮುಟ್ಟಿ ನೋಡಿ ಆರಿಸಿಕೊಳ್ಳಬಹುದು. ಜೊತೆಗೆ ಸ್ಟೀಲ್ ಸ್ಕೇಲು, ರೀಫಿಲ್ ಖಾಲಿಯಾದ ಬಾಲ್ ಪೆನ್ನು, ಗುಂಡುಸೂಜಿ, ಕೆಂಪು ಮತ್ತು ನೀಲಿ ಪೆನ್ನು, ಹೊಲಿಗೆ ದಾರ, ಪೇಪರ್ ಕಪ್ಪು, ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆ ಮುಚ್ಚಳ.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಅಕ್ಷವೇ ನಾರಿನ ದಿಕ್ಕು. ಎಲ್ಲ ಹಾಳೆಗಳಲ್ಲೂ ಅದು ಒಂದೇ ಕಡೆ ಇರಲಿ. ಇಲ್ಲದಿದ್ದರೆ ಎರಡು ಹಾಳೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಇನ್ನು ಮಳೆಗಾಲ. ಜುಲೈ ಆಗಸ್ಟಿನಲ್ಲಿ ನಮ್ಮ ಮನೆಯ ಕಾಗದವೆಲ್ಲ ತೇವ ಹೀರಿ ಮೆತ್ತಗಾಗಿರುತ್ತದೆ, ಮಡಿಕೆ ನಿಲ್ಲುವುದಿಲ್ಲ. ಶಿವರಾತ್ರಿ ಆಸುಪಾಸಿನ ಒಣ ದಿನಗಳಲ್ಲಿ ಅದೇ ಹಾಳೆ ಗರಿಗರಿಯಾಗಿ ಸ್ಪಂದಿಸುತ್ತದೆ. ಅಳತೆಯ ಪಕ್ಕ ತಾರೀಖು ಮತ್ತು ಹವೆಯನ್ನೂ ಬರೆದಿಡಿ.

ಹಂತ 1: ಗೆರೆ ಎಳೆಯುವುದು

ಎ4 ಹಾಳೆ 210 × 297 ಮಿ.ಮೀ. ಈ ಸಂಖ್ಯೆಗಳು ನಮಗೆ ಅನುಕೂಲವಾಗಿಯೇ ಇವೆ: 210ರಲ್ಲಿ 30ರ ಏಳು ಪಟ್ಟಿ, 297ರಲ್ಲಿ 33ರ ಒಂಬತ್ತು ಪಾಲು.

ಹಾಳೆಯನ್ನು ಉದ್ದುದ್ದ ಇಟ್ಟುಕೊಂಡು, ಎಡ ಅಂಚಿನಿಂದ 30, 60, 90, 120, 150, 180 ಮಿ.ಮೀ. ದೂರದಲ್ಲಿ ಮೇಲಿನಿಂದ ಕೆಳಕ್ಕೆ ಆರು ನೇರ ಗೆರೆ ಎಳೆಯಿರಿ. ಎಡ ಅಂಚು, 60, 120, 180 ಇವನ್ನು ‘ಅ’ ಗೆರೆ ಎನ್ನೋಣ. 30, 90, 150 ಮತ್ತು ಬಲ ಅಂಚು ‘ಆ’ ಗೆರೆ.

‘ಅ’ ಗೆರೆಗಳ ಮೇಲೆ ಮೇಲಂಚಿನಿಂದ 33, 66, 99 ಹೀಗೆ 264ರವರೆಗೆ ಎಂಟು ಚುಕ್ಕೆ ಇಡಿ. ‘ಆ’ ಗೆರೆಗಳ ಮೇಲೆ ಅದೇ ಚುಕ್ಕೆಗಳನ್ನು 17 ಮಿ.ಮೀ. ಕೆಳಕ್ಕೆ ಜರುಗಿಸಿ: 50, 83, 116 ಹೀಗೆ 281ರವರೆಗೆ. ಈಗ ಪ್ರತಿ ಸಾಲಿನ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಸೇರಿಸಿದರೆ ಎಂಟು ಅಂಕುಡೊಂಕು ಗೆರೆಗಳಾಗುತ್ತವೆ. ನೇರ ಗೆರೆಗೂ ಅಂಕುಡೊಂಕಿಗೂ ನಡುವಿನ ಕಿರುಕೋನ ಸುಮಾರು 60 ಡಿಗ್ರಿ. ಅಂಚು ಬಿಟ್ಟು ಹಾಳೆಯೊಳಗೆ ಗೆರೆಗಳು ಕೂಡುವ ಜಾಗ 48. ಅವನ್ನೇ ನಾನು ಗಂಟು ಎನ್ನುತ್ತಿರುವುದು.

ಈ ಒಂದು ಹಂತದಲ್ಲಿ ಆತುರ ಬೇಡ. ಚುಕ್ಕೆ 1 ಮಿ.ಮೀ. ಆಚೀಚೆಯಾದರೆ ಕೊನೆಯ ಸಾಲಿನವರೆಗೂ ಅದರ ಫಲ ಉಣ್ಣಬೇಕಾಗುತ್ತದೆ.

ಹಂತ 2: ಉಬ್ಬು ಯಾವುದು, ತಗ್ಗು ಯಾವುದು

ನಿಮ್ಮ ಕಡೆಗೆ ಏಣಾಗಿ ಏಳುವುದು ಉಬ್ಬು ಮಡಿಕೆ, ಕೆಂಪು. ಒಳಕ್ಕೆ ಹೋಗುವುದು ತಗ್ಗು ಮಡಿಕೆ, ನೀಲಿ. ಅಂಕುಡೊಂಕು ಗೆರೆಗಳಿಗೆ ಬಣ್ಣ ಹಚ್ಚುವುದು ಸುಲಭ: ಮೊದಲನೆಯದು ಪೂರ್ತಿ ಕೆಂಪು, ಎರಡನೆಯದು ಪೂರ್ತಿ ನೀಲಿ, ಮತ್ತೆ ಕೆಂಪು, ಮತ್ತೆ ನೀಲಿ.

ನೇರ ಗೆರೆಗಳು ಹಾಗಲ್ಲ. ಪ್ರತಿ ಗಂಟು ದಾಟಿದಾಗಲೂ ಬಣ್ಣ ಬದಲಾಗಬೇಕು. ಮೇಲಂಚಿನ ಮೊದಲ ಸಾಲಿನಲ್ಲಿ ‘ಅ’ ಗೆರೆಯ ತುಂಡು ಕೆಂಪು, ‘ಆ’ ಗೆರೆಯ ತುಂಡು ನೀಲಿ. ಅದರ ಕೆಳಗಿನ ಸಾಲಿನಲ್ಲಿ ತಿರುಗುಮುರುಗು. ಹೀಗೇ ಚದುರಂಗದ ಮಣೆಯ ಹಾಗೆ ಕೊನೆಯವರೆಗೆ.

ಸರಿಯಾಗಿದೆಯೇ ಎಂದು ನೋಡಲು ಎರಡು ಪರೀಕ್ಷೆ. ಯಾವ ಗಂಟನ್ನು ನೋಡಿದರೂ ನಾಲ್ಕು ಮಡಿಕೆಗಳಲ್ಲಿ ಮೂರು ಒಂದು ಬಣ್ಣ, ಒಂದು ಇನ್ನೊಂದು ಬಣ್ಣ ಇರಬೇಕು. ಚಪ್ಪಟೆಯಾಗಿ ಮಡಚುವ ಯಾವ ಗಂಟಿನಲ್ಲೂ ಉಬ್ಬು ತಗ್ಗುಗಳ ವ್ಯತ್ಯಾಸ ಎರಡೇ ಆಗಿರಬೇಕೆಂಬ ಮಾಯೆಕಾವಾ ಪ್ರಮೇಯ ಇದೇ. ಎರಡನೆಯದು, ಆ ಒಂಟಿ ಬಣ್ಣದ ಗೆರೆ ಎರಡು ಕಿರುಕೋನಗಳ ನಡುವೆಯೇ ಇರಬೇಕು. ಅದು ದೊಡ್ಡ ಕೋನಗಳ ನಡುವೆ ಬಿದ್ದಿದ್ದರೆ ಹಾಳೆ ತನ್ನೊಳಗೇ ತಾನು ಸಿಕ್ಕಿಕೊಳ್ಳುತ್ತದೆ. ಎಷ್ಟು ಒತ್ತಿದರೂ ಮಡಚುವುದಿಲ್ಲ.

ಹಂತ 3: ಗೀರು ಹಾಕಿ ಎಬ್ಬಿಸುವುದು

ಎಲ್ಲ ಗಂಟುಗಳಲ್ಲೂ ಗುಂಡುಸೂಜಿಯಿಂದ ಚುಚ್ಚಿ. ತೂತು ಹಿಂದಿನ ಬದಿಗೂ ಕಾಣಬೇಕು, ಅಷ್ಟೇ. ನೀಲಿ ಗೆರೆಗಳನ್ನು ಮುಂಬದಿಯಿಂದ ಖಾಲಿ ಪೆನ್ನಿನಲ್ಲಿ ಸ್ಕೇಲ್ ಇಟ್ಟು ಗೀರಿ. ಹಾಳೆ ತಿರುಗಿಸಿ, ತೂತುಗಳನ್ನು ಗುರುತಾಗಿಟ್ಟುಕೊಂಡು ಕೆಂಪು ಗೆರೆಗಳನ್ನು ಹಿಂಬದಿಯಿಂದ ಗೀರಿ. ಹಾಳೆಯ ಅಡಿಯಲ್ಲಿ ಹಳೆಯ ನೋಟ್‌ಬುಕ್ ಇದ್ದರೆ ಗೀರು ಚೆನ್ನಾಗಿ ಇಳಿಯುತ್ತದೆ.

ಆಮೇಲೆ ಪ್ರತಿ ನೇರ ಗೆರೆಯನ್ನೂ ಪೂರ್ತಿ ಉದ್ದಕ್ಕೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಚಿ ಬಿಡಿಸಿ. ಅಂಕುಡೊಂಕುಗಳನ್ನು ತುಂಡು ತುಂಡಾಗಿ ಹೆಬ್ಬೆರಳು ತೋರುಬೆರಳಿನಲ್ಲಿ ಚಿವುಟುತ್ತಾ ಹೋಗಿ. ಬೇಸರ ತರಿಸುವ ಕೆಲಸವೇ. ಆದರೂ ಇಲ್ಲಿ ಕೊಟ್ಟ ಇಪ್ಪತ್ತು ನಿಮಿಷ ಮುಂದೆ ಉಳಿಯುತ್ತದೆ.

ಈಗ ಮೇಜಿನ ಮೇಲಿಟ್ಟು ಒಂದು ಮೂಲೆಯಿಂದ ಶುರುಮಾಡಿ. ಮೊದಲ ಗಂಟಿನ ಸುತ್ತಲಿನ ನಾಲ್ಕೂ ಮಡಿಕೆಗಳನ್ನು ಬಣ್ಣಕ್ಕೆ ತಕ್ಕ ಹಾಗೆ ಎಬ್ಬಿಸಿ, ಪಕ್ಕದ್ದಕ್ಕೆ ಹೋಗಿ. ಮೊದಲ ಎರಡು ಸಾಲು ಹಟ ಮಾಡುತ್ತವೆ. ಮೂರನೆಯ ಸಾಲಿನ ಹೊತ್ತಿಗೆ ಹಾಳೆಗೇ ದಾರಿ ತಿಳಿದ ಹಾಗೆ ಉಳಿದ ಗಂಟುಗಳು ತಾವಾಗಿ ಬಾಗತೊಡಗುತ್ತವೆ. ಒಂದು ಗಂಟಿನ ಕೋನ ನಿಗದಿಯಾದರೆ ಪಕ್ಕದ್ದಕ್ಕೆ ಬೇರೆ ಆಯ್ಕೆಯೇ ಉಳಿಯುವುದಿಲ್ಲ. ಇಡೀ ಹಾಳೆಗೆ ಚಲಿಸಲು ಇರುವುದು ಒಂದೇ ದಾರಿ. ಪೂರ್ತಿ ಕೂಡಿಸಿ ಅಂಗೈಗಳ ನಡುವೆ ಗಟ್ಟಿಯಾಗಿ ಒತ್ತಿ, ಒಂದು ದಪ್ಪ ಪುಸ್ತಕದಡಿ ರಾತ್ರಿ ಬಿಡಿ.

ಹಂತ 4: ಅಳೆಯುವುದು

60 ಮಿ.ಮೀ. ಗೆರೆಯ ಮೇಲೆ ಒಂದನೆಯ ಮತ್ತು ಏಳನೆಯ ಅಂಕುಡೊಂಕಿನ ಗಂಟುಗಳಿಗೆ ಚುಕ್ಕೆ ಇಡಿ. ಹಾಳೆ ಚಪ್ಪಟೆ ಇದ್ದಾಗ ಇವುಗಳ ದೂರ 198 ಮಿ.ಮೀ. ಇದು ನಮ್ಮ ‘ಉದ್ದ’. ನಾಲ್ಕನೆಯ ಅಂಕುಡೊಂಕಿನ ಮೇಲೆ ಎಡ ಅಂಚಿನ ಬಿಂದು ಮತ್ತು 180ರ ಗೆರೆಯ ಗಂಟು, ಚಪ್ಪಟೆಯಲ್ಲಿ 180 ಮಿ.ಮೀ. ಇದು ‘ಅಗಲ’. ಹಾಳೆಯ ಹೊರ ಅಂಚಿನಿಂದ ಅಂಚಿಗೆ ಅಳೆಯಬೇಡಿ, ಕೊನೆಯ ಸಾಲುಗಳು ಯಾವಾಗಲೂ ಸ್ವಲ್ಪ ಬಿಚ್ಚಿಕೊಂಡೇ ಇರುತ್ತವೆ.

ಹಾಳೆಯ ಪಟ್ಟಿಗಳು (ನಾಲ್ಕು ಮಡಿಕೆಗಳ ನಡುವಿನ ಒಂದೊಂದು ಓರೆ ಚೌಕ) ಒಂದಿಷ್ಟೂ ಬಗ್ಗದೆ, ಮಡಿಕೆಗಳಲ್ಲಿ ಮಾತ್ರ ತಿರುಗುತ್ತವೆ ಎಂದುಕೊಂಡರೆ ಉದ್ದಕ್ಕೂ ಅಗಲಕ್ಕೂ ಒಂದೇ ಸಂಬಂಧ ಸಾಧ್ಯ:

ಅಗಲ = 207 × √(1 − (98 ÷ ಉದ್ದ)²)

207 ಎಂಬುದು ಅಂಕುಡೊಂಕಿನ ಆರು ತುಂಡುಗಳ ಒಟ್ಟು ಉದ್ದ. 98 ಎಂಬುದು ಹಾಳೆ ಪೂರ್ತಿ ಮಡಚಿದಾಗ ಉಳಿಯುವ ಉದ್ದ, ಅದಕ್ಕಿಂತ ಕೆಳಗೆ ಅದು ಇಳಿಯಲಾರದು. ಲೆಕ್ಕ ಹಾಕಿದರೆ ಉದ್ದ 180 ಆದಾಗ ಅಗಲ 174, 160ಕ್ಕೆ 164, 130ಕ್ಕೆ 136, 110ಕ್ಕೆ 94. ಈ ಸಂಖ್ಯೆಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಚಪ್ಪಟೆಯಿಂದ ಶುರುವಿನಲ್ಲಿ ಉದ್ದ 18 ಮಿ.ಮೀ. ಕುಗ್ಗುವಷ್ಟರಲ್ಲಿ ಅಗಲ ಕುಗ್ಗಿದ್ದು 6 ಮಾತ್ರ. ಕೊನೆಕೊನೆಗೆ ಉದ್ದ 20 ಕುಗ್ಗುವಷ್ಟರಲ್ಲಿ ಅಗಲ 42 ಕುಗ್ಗುತ್ತದೆ. ಪಾಯ್ಸನ್ ಅನುಪಾತ (ಉದ್ದಕ್ಕೆ ಎಳೆದಾಗ ವಸ್ತು ಅಡ್ಡಕ್ಕೆ ಎಷ್ಟು ಪಾಲು ಕುಗ್ಗುತ್ತದೆ ಎಂಬ ಲೆಕ್ಕ) ಎಂದು ಎಂಜಿನಿಯರಿಂಗಿನಲ್ಲಿ ಓದಿದವರಿಗೆ ನೆನಪಿರಬಹುದು: ಉಕ್ಕಿಗೆ ಅದು 0.3ರ ಸುಮಾರು, ಒಂದು ಸ್ಥಿರ ಸಂಖ್ಯೆ. ಇಲ್ಲಿ ಅದು ಋಣ ಸಂಖ್ಯೆ, ಮಡಚಿದಷ್ಟೂ ಬದಲಾಗುತ್ತಲೇ ಹೋಗುತ್ತದೆ.

ಸೂತ್ರದಲ್ಲಿ ಕಾಗದದ ದಪ್ಪವಿಲ್ಲ, ಗಡಸುತನವಿಲ್ಲ, ಕಾಗದ ಎಂಬ ಸುಳಿವೂ ಇಲ್ಲ. ನಮ್ಮ ಕಾರ್ಖಾನೆಯ ತಗಡಿನಲ್ಲಿ ಕೀಲು ಹಾಕಿ ಮಾಡಿದರೂ ಇದೇ ಸಂಖ್ಯೆಗಳು ಬರಬೇಕು. ಅಂದರೆ ಅಳತೆ ಸೂತ್ರಕ್ಕೆ ಹೊಂದುವಷ್ಟು ಕಾಲ ನೀವು ನೋಡುತ್ತಿರುವುದು ರೇಖಾಗಣಿತವನ್ನು. ಅಳತೆ ಸೂತ್ರದಿಂದ ಎಲ್ಲಿ ಸರಿಯುತ್ತದೋ ಅಲ್ಲಿಂದ ಕಾಗದ ಮಾತಾಡತೊಡಗುತ್ತದೆ. ಮುಂದಿನ ಎಲ್ಲ ಹಂತಗಳೂ ಆ ಜಾಗವನ್ನು ಹುಡುಕುವುದಕ್ಕೇ.

ಒಂದು ಎಚ್ಚರಿಕೆ. ಉದ್ದ 110ರ ಹತ್ತಿರ ಇದ್ದಾಗ ಉದ್ದದಲ್ಲಿ 1 ಮಿ.ಮೀ. ತಪ್ಪಿದರೆ ಸೂತ್ರ ಹೇಳುವ ಅಗಲದಲ್ಲಿ 3 ಮಿ.ಮೀ. ತಪ್ಪುತ್ತದೆ. ಅದೇ 180ರಲ್ಲಿ ಅರ್ಧ ಮಿ.ಮೀ.ಗೂ ಕಡಿಮೆ. ಆದ್ದರಿಂದ ಬಿಗಿಯಾಗಿ ಮಡಚಿದ ಸ್ಥಿತಿಯ ವ್ಯತ್ಯಾಸಗಳನ್ನು ನೋಡಿ ದೊಡ್ಡ ತೀರ್ಮಾನ ಮಾಡಬೇಡಿ.

ಹಂತ 5: ಬಗ್ಗಿಸುವುದು

ಅರ್ಧ ಬಿಚ್ಚಿದ ಹಾಳೆಯನ್ನು ಎರಡೂ ತುದಿಯಲ್ಲಿ ಹಿಡಿದು ಕಮಾನಿನ ಹಾಗೆ ಬಗ್ಗಿಸಿ. ಅಡ್ಡಲಾಗಿ ಅದು ವಿರುದ್ಧ ದಿಕ್ಕಿಗೆ ಬಾಗಿ ಕುದುರೆಯ ಜೀನಿನ ಆಕಾರ ತಾಳುತ್ತದೆ.

ಈಗ ಒಂದು ದಪ್ಪ ಅಳಿಸುವ ರಬ್ಬರ್ ತೆಗೆದುಕೊಂಡು ಬಗ್ಗಿಸಿ. ಅದೂ ಜೀನಿನ ಆಕಾರವೇ. ಆದರೆ ರಬ್ಬರಿಗೆ ಕಾರಣವಿದೆ: ಅದರ ಮೇಲ್ಮೈ ಹಿಗ್ಗಿದಲ್ಲಿ ಅಡ್ಡಕ್ಕೆ ಕುಗ್ಗುತ್ತದೆ, ಒಳಮೈ ಕುಗ್ಗಿದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ. ನಮ್ಮ ಹಾಳೆ ಎಳೆದಾಗ ಎರಡೂ ಕಡೆ ಹಿಗ್ಗುವಂಥದ್ದು. ಆ ತರ್ಕದಲ್ಲಿ ಅದು ಬಾಣಲೆಯ ಬೆನ್ನಿನ ಹಾಗೆ ಗುಮ್ಮಟವಾಗಬೇಕಿತ್ತು. ಆಗುವುದಿಲ್ಲ. ಎಳೆತಕ್ಕೆ ಒಂದು ಚಿಹ್ನೆ, ಬಾಗಿಗೆ ವಿರುದ್ಧ ಚಿಹ್ನೆ! 2013ರಲ್ಲಿ ಎರಡು ಸಂಶೋಧನಾ ತಂಡಗಳು ಇದನ್ನು ಲೆಕ್ಕ ಹಾಕಿ ವಿವರಿಸಿದವು. ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದ ದಿನ ಊಟದ ಮೇಜಿನಿಂದ ಏಳಲಾಗಲಿಲ್ಲ.

ಪಟ್ಟಿಗಳು ನಿಜಕ್ಕೂ ಬಗ್ಗದ ಫಲಕಗಳಾಗಿದ್ದರೆ ಈ ಬಾಗು ಸಾಧ್ಯವೇ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಒಂದು ಪಟ್ಟಿಯನ್ನು ನೋಡಿ. ಮೂಲೆಯಿಂದ ಮೂಲೆಗೆ ಸಣ್ಣ ತಿರುಚು, ಕರ್ಣದಗುಂಟ ಮಂದವಾದ ನೆರಳು ಕಾಣುತ್ತದೆ. ಸೂತ್ರ ಕೈಬಿಟ್ಟು ಕಾಗದ ಕೆಲಸಕ್ಕೆ ಇಳಿದದ್ದು ಅಲ್ಲಿಯೇ.

ಹಂತ 6: ತೂಗುಹಾಕಿ ಭಾರ ಹೊರಿಸುವುದು

ಮೊದಮೊದಲು ನಾನು ಮೇಲಂಚನ್ನು ದೊಡ್ಡ ಕ್ಲಿಪ್ಪಿನಲ್ಲಿ ಬಿಗಿದು ತೂಗುಹಾಕುತ್ತಿದ್ದೆ. ಅಳತೆ ಒಂದೂ ಹೊಂದುತ್ತಿರಲಿಲ್ಲ. ಎರಡು ಭಾನುವಾರ ಕಳೆದ ಮೇಲೆ ತಿಳಿಯಿತು: ಉದ್ದ ಹೆಚ್ಚಬೇಕೆಂದರೆ ಅಗಲವೂ ಹೆಚ್ಚಲೇಬೇಕು, ಕ್ಲಿಪ್ಪು ಅಗಲವನ್ನು ಬಿಡುತ್ತಿಲ್ಲ. ಹಿಡಿಯುವ ರೀತಿಯೇ ಹಾಳೆಯನ್ನು ಗಡಸು ಮಾಡುತ್ತಿತ್ತು.

ಹಾಗಾಗಿ ದಾರ ಬಳಸಿ. ಮೇಲಂಚಿನಲ್ಲಿ ನಾಲ್ಕು ಕಡೆ ಸಣ್ಣ ಟೇಪ್ ತುಂಡಿನಿಂದ ದಾರ ಅಂಟಿಸಿ. ಒಂದೊಂದೂ ಅರ್ಧ ಮೀಟರಿಗಿಂತ ಗಿಡ್ಡ ಬೇಡ. ನಾಲ್ಕನ್ನೂ ಮೇಲೆ ಒಂದೇ ಮೊಳೆಗೆ ಕಟ್ಟಿ. ಕೆಳಂಚಿಗೂ ಹಾಗೆಯೇ ಮಾಡಿ ಪೇಪರ್ ಕಪ್ಪು ತೂಗುಹಾಕಿ. ದಾರ ಉದ್ದವಿದ್ದಷ್ಟೂ ಹಾಳೆ ಅಡ್ಡಕ್ಕೆ ಹಾಯಾಗಿ ಹಿಗ್ಗುತ್ತದೆ. ಫ್ಯಾನ್ ಆರಿಸಿ.

ಔಷಧಿ ಮುಚ್ಚಳದಲ್ಲಿ 5 ಮಿ.ಲೀ. ನೀರು ಅಳೆದು ಸುರಿಯಿರಿ. ಅದು 5 ಗ್ರಾಂ. ಒಂದು ನಿಮಿಷ ಬಿಟ್ಟು ಉದ್ದ ಅಗಲ ಎರಡನ್ನೂ ಬರೆಯಿರಿ, ಮತ್ತೆ 5 ಸುರಿಯಿರಿ. 80 ಜಿಎಸ್ಎಂನ ಎ4 ಹಾಳೆಯೇ 5 ಗ್ರಾಂ ತೂಗುತ್ತದೆ ಎಂಬುದೂ ನೆನಪಿರಲಿ, ಮೇಲಿನ ಸಾಲುಗಳು ಕೆಳಗಿನವುಗಳ ಭಾರವನ್ನೂ ಹೊತ್ತಿವೆ. ಮೊದಲು ಪ್ರತಿ ಮುಚ್ಚಳಕ್ಕೂ ಹಾಳೆ ಧಾರಾಳವಾಗಿ ಇಳಿಯುತ್ತದೆ, ಚಪ್ಪಟೆ ಸ್ಥಿತಿ ಹತ್ತಿರವಾದಂತೆ ಇಳಿಯಲು ಒಪ್ಪುವುದಿಲ್ಲ. ಮಡಿಕೆಯ ಸ್ಪ್ರಿಂಗು ಮುಗಿದು ಕಾಗದವನ್ನೇ ಎಳೆಯುವ ಹಂತ ಬಂತು ಎಂದರ್ಥ.

ಈಗ ಅದೇ ಲೆಕ್ಕದಲ್ಲಿ ನೀರು ತೆಗೆಯುತ್ತಾ ಬನ್ನಿ. ಹೋದ ದಾರಿಯಲ್ಲಿ ಅದು ವಾಪಸು ಬರುವುದಿಲ್ಲ, ಪ್ರತಿ ಭಾರಕ್ಕೂ ಮೊದಲಿಗಿಂತ ಉದ್ದವಾಗಿಯೇ ಇರುತ್ತದೆ. ಗ್ರಾಫ್ ಎಳೆದರೆ ನಡುವೆ ಒಂದು ಕುಣಿಕೆ ಬೀಳುತ್ತದೆ. ಮಡಿಕೆಯ ನಾರುಗಳು ಜಾರಿ ಮುರಿದು ಕಳೆದುಕೊಂಡ ಶಕ್ತಿ ಆ ಕುಣಿಕೆಯೊಳಗಿನ ಜಾಗ. ಭಾರ ಬದಲಿಸದೆ 1, 10, 100 ನಿಮಿಷಕ್ಕೆ ಅಳೆದರೂ ಹಾಳೆ ಇಳಿಯುತ್ತಲೇ ಇರುತ್ತದೆ, ಬರಬರುತ್ತ ನಿಧಾನವಾಗಿ. ಅದಕ್ಕೇ ಪ್ರತಿ ಅಳತೆಗೂ ಕಾಯುವ ಸಮಯ ಒಂದೇ ಇರಲಿ.

ಪದೇ ಪದೇ ಬಿಚ್ಚಿ ಮಡಚುವ ವಸ್ತು ಬೇಕಿದ್ದರೆ ಪಾಲಿಪ್ರೊಪಿಲೀನ್ ಫೈಲ್ ಕವರ್ ಬಳಸಿ. ಟಿಫಿನ್ ಡಬ್ಬಿಯ, ಶಾಂಪೂ ಬಾಟಲಿಯ ಮುಚ್ಚಳದ ಅಂಟಿಕೊಂಡೇ ಇರುವ ಕೀಲು ಇದೇ ಪ್ಲಾಸ್ಟಿಕ್ಕಿನದು, ಸಾವಿರಾರು ಸಲ ಮಡಚಿದರೂ ತಾಳುತ್ತದೆ.

ಹಂತ 7: ಎರಡು ಹಲಗೆಗಳ ನಡುವೆ

ಒಂಟಿ ಮಿಯುರಾ ಹಾಳೆಯನ್ನು ಸೇತುವೆಯ ಹಾಗೆ ಎರಡು ಪುಸ್ತಕಗಳ ನಡುವೆ ಇಟ್ಟರೆ ಅದು ಸಾದಾ ನೆರಿಗೆಗಿಂತ ದುರ್ಬಲ. ಸುಲಭವಾಗಿ ಚಲಿಸುವ ಗುಣವೇ ಇಲ್ಲಿ ಅದಕ್ಕೆ ಮುಳುವು. ಚಲನೆಯನ್ನು ಕಟ್ಟಿಹಾಕಿದರೆ ಮಾತ್ರ ಅದು ಭಾರ ಹೊರುತ್ತದೆ.

ಉದ್ದ 130 ಬರುವ ಹಾಗೆ ಹಾಳೆಯನ್ನು ಹಿಡಿದಿಡಿ. ಆಗ ಎತ್ತರ ಸುಮಾರು 25 ಮಿ.ಮೀ. (ಪೈಥಾಗೊರಸ್ ಸಾಕು: 33ರ ವರ್ಗದಿಂದ, ಉದ್ದದ ಆರನೇ ಒಂದು ಪಾಲಿನ ವರ್ಗವನ್ನು ಕಳೆದು ವರ್ಗಮೂಲ ತೆಗೆಯಿರಿ.) ಮೇಲೆ ಕೆಳಗೆ ಒಂದೊಂದು ದಪ್ಪ ರಟ್ಟು ಅಂಟಿಸಿ. ಬಿಳಿ ಅಂಟನ್ನು ಏಣುಗಳಿಗೆ ಧಾರಾಳವಾಗಿ ಬಳಿದು ನಾನು ಮೂರು ಮಾದರಿ ಕಳೆದುಕೊಂಡಿದ್ದೇನೆ. ಅಂಟಿನ ನೀರು ಕುಡಿದು ಏಣು ಮೆತ್ತಗಾಗಿ ಕುಸಿಯುತ್ತದೆ. ತಟ್ಟೆಯಲ್ಲಿ ಅಂಟಿನ ತೆಳು ಪದರ ಹರಡಿ, ಏಣುಗಳನ್ನು ಅದಕ್ಕೆ ಮುಟ್ಟಿಸಿ ಎತ್ತಿ. ಒಂದು ದಿನ ಒಣಗಲಿ.

ಆಮೇಲೆ ಮೇಲೆ ಜೆರಾಕ್ಸ್ ಹಾಳೆಯ ಕಟ್ಟುಗಳನ್ನು ಒಂದೊಂದಾಗಿ ಇಡಿ. 80 ಜಿಎಸ್ಎಂನ 500 ಎ4 ಹಾಳೆ ಎಂದರೆ 2.5 ಕೆ.ಜಿ. ಕಿವಿಗೊಟ್ಟು ಕೇಳಿ. ಕುಸಿಯುವ ಮೊದಲು ಪಟ್ಟಿಗಳು ಒಂದೊಂದಾಗಿ ಹೊಟ್ಟೆ ಉಬ್ಬಿಸಿ ಚಿಟ್ ಎನ್ನುತ್ತವೆ. ವಿಮಾನದ ಫಲಕಗಳಲ್ಲಿ ಇದೇ ಕೆಲಸವನ್ನು ಜೇನುಗೂಡಿನ ತಿರುಳು ಮಾಡುತ್ತದೆ. ಅದರ ಕೋಣೆಗಳು ಮುಚ್ಚಿರುವುದರಿಂದ ಒಳಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ. ಮಡಿಕೆಯ ತಿರುಳಿನಲ್ಲಿ ಗಾಳಿ ಆರಪಾರ ಓಡಾಡುತ್ತದೆ. ಒಂದು ತುದಿಯಿಂದ ಊದಿ ಇನ್ನೊಂದು ತುದಿಗೆ ಕೈ ಹಿಡಿದರೆ ನಿಮಗೇ ತಿಳಿಯುತ್ತದೆ.

ಹಂತ 8: ಒಳಕ್ಕೆ ಹೋದ ಗಂಟು

ಒಂದು ಸಂಜೆ ಅಕ್ಕನ ಮಗಳು ಹಾಳೆಯನ್ನು ಹಿಡಿದು ನೋಡುತ್ತಿದ್ದವಳು ಗಾಬರಿಯಾದಳು. “ಮಾಮ, ಇದೊಂದು ಒಳಗೆ ಹೋಗ್ಬಿಡ್ತು. ಹಾಳಾಯ್ತಾ?” ಅವಳ ಹೆಬ್ಬೆರಳು ತಾಗಿ ನಡುವಿನ ಒಂದು ಉಬ್ಬು ಗಂಟು ಟಪ್ಪೆಂದು ತಗ್ಗಾಗಿತ್ತು. ಸುತ್ತಲಿನ ನಾಲ್ಕು ಪಟ್ಟಿಗಳೂ ಬಿಲ್ಲಿನ ಹಾಗೆ ಬಗ್ಗಿಕೊಂಡು ಅದನ್ನು ಅಲ್ಲೇ ಹಿಡಿದಿದ್ದವು. ಬಿಟ್ಟರೂ ವಾಪಸು ಬರಲಿಲ್ಲ. ಹಾಳೆಯನ್ನು ಅದುಮಲು ಹೋದರೆ ಆ ಜಾಗದಲ್ಲಿ ಎದುರು ನಿಂತಿತು.

ಹಾಳಾಗಿರಲಿಲ್ಲ. 2014ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರಿದ್ದ ಒಂದು ತಂಡ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಹೀಗೆ ಒಳಕ್ಕೆ ತಳ್ಳಿದ ಗಂಟುಗಳು ಹಾಳೆಯನ್ನು ಅದುಮಲು ಇನ್ನಷ್ಟು ಗಡಸು ಮಾಡುತ್ತವೆ, ಬೇಕೆಂದಾಗ ಮೊದಲಿನಂತೆ ಮಾಡಬಹುದು. ಬಗ್ಗದ ಫಲಕಗಳಲ್ಲಿ ಇದು ಆಗದು. ಬಗ್ಗಬಲ್ಲ ಕಾಗದ ಬೇಕೇ ಬೇಕು.

ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಹಾಳೆಯನ್ನು ಉದ್ದಂಚು ಕೆಳಗೆ ಬರುವ ಹಾಗೆ ನಿಲ್ಲಿಸಿ, ಅಕ್ಕಪಕ್ಕ ಮುಟ್ಟೂ ಮುಟ್ಟದ ಹಾಗೆ ಎರಡು ಪುಸ್ತಕಗಳ ಆಸರೆ ಕೊಡಿ. ಮೇಲಿನಿಂದ ಸ್ಕೇಲನ್ನು ಅಡ್ಡ ಇಟ್ಟು 5 ಮಿ.ಮೀ. ಕೆಳಕ್ಕೆ ಒತ್ತಿ, ಗ್ರಾಂ ಓದಿ. ನಡುಭಾಗದ ಒಂದು ಗಂಟನ್ನು ಒಳಕ್ಕೆ ತಳ್ಳಿ ಮತ್ತೆ ಒತ್ತಿ, ಓದಿ. ಎರಡನೆಯದನ್ನು ಮೊದಲಿನದರ ಪಕ್ಕದಲ್ಲೇ ತಳ್ಳಿದಾಗ ಎಷ್ಟು, ದೂರದ ಗಂಟೊಂದನ್ನು ತಳ್ಳಿದಾಗ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಿ. ಮುಗಿದ ಮೇಲೆ ಹಿಂಬದಿಯಿಂದ ಬೆರಳಿಟ್ಟು ಒಂದೊಂದನ್ನೇ ಹೊರಕ್ಕೆ ತಳ್ಳಿ. ಟಪ್ ಎಂಬ ಸದ್ದು ಬಂದ ಮೇಲೆ ಇನ್ನೊಮ್ಮೆ ಒತ್ತಿ ಮೊದಲ ಓದಿನ ಜೊತೆ ಹೋಲಿಸಿ.